ವಿಡಿಯೊ ಪಾಠಗಳಿಗೆ ಪರೀಕ್ಷಿಸುವ ಕಣ್ಣೂ ಬೇಕು

ಮಾನ್ಯ ಸಂಪಾದಕರೇ,

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ), ಹೊಲಿಗೆ ತರಬೇತಿ ಕೇಂದ್ರಗಳಲ್ಲಿ, ರೈತರ ತರಬೇತಿ ಶಿಬಿರಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ರೂಢಿ ಬೇರೂರುತ್ತಿದೆ. ಪ್ರಾತ್ಯಕ್ಷಿಕೆಗೆ ಬೇಕಾದ ಸಾಮಗ್ರಿ ಇಲ್ಲದಾಗ, ಬೋಧಕರ ಹುದ್ದೆ ಖಾಲಿ ಬಿದ್ದಿರುವಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆಯೇ, ಯೂಟ್ಯೂಬ್ ವಿಡಿಯೊ ಒಂದರ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ನೋಡಿಕೊಳ್ಳಿ’ ಎಂದು ಹೇಳಿ ಪಾಠ ಮುಗಿಸುವುದೇ ಆ ರೂಢಿ. ವಿಡಿಯೊಗಳ ಮೇಲೆ ನನಗೆ ಸಿಟ್ಟಿಲ್ಲ. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೂ ನಾನು ಅವುಗಳನ್ನು ನೋಡುತ್ತೇನೆ, ಅವುಗಳಿಂದ ಕಲಿಯುತ್ತೇನೆ. ಆದರೆ ಮಾಡಿ ತೋರಿಸುವ ಈ ವಿಡಿಯೊಗಳು ಬೋಧನೆಯ ಕ್ರಮವನ್ನೇ ಬದಲಿಸುತ್ತಿರುವಾಗ, ಅವುಗಳಿಂದ ನಾವು ತೆಗೆದುಕೊಳ್ಳಬೇಕಾದುದನ್ನು ಬಿಟ್ಟು, ಬಿಡಬೇಕಾದುದನ್ನು ತೆಗೆದುಕೊಳ್ಳುತ್ತಿದ್ದೇವೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಕೆಲಸವನ್ನು ಹೇಗೆ ಮಾಡುವುದು ಎಂದು ಹೇಳಿಕೊಡುವ ಜಾಲತಾಣಗಳು ನಿನ್ನೆ ಮೊನ್ನೆಯವಲ್ಲ. ಇಹೌ 1999ರಲ್ಲಿ, ವಿಕಿಹೌ 2005ರಲ್ಲಿ, ಹೌಕಾಸ್ಟ್ 2008ರಲ್ಲಿ ಆರಂಭವಾದವು. 2005ರಲ್ಲಿಯೇ ಹುಟ್ಟಿದ ಯೂಟ್ಯೂಬ್ ಕ್ರಮೇಣ ಇವೆಲ್ಲವುಗಳ ಓದುಗರನ್ನೂ ನೋಡುಗರನ್ನೂ ತನ್ನತ್ತ ಎಳೆದುಕೊಂಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮ ಕುಷ್ಟಗಿ, ಯಲಬುರ್ಗಾ, ಮಾನ್ವಿ, ಸಿರುಗುಪ್ಪದ ಹುಡುಗರಿಗೂ ಅದು ಕೈಗೆಟುಕಿತು. ಬಹಳ ಜನ ಗಮನಿಸದ ಸಂಗತಿಯೆಂದರೆ, ಈ ತಾಣಗಳು ಪಾಠದ ಘಟಕವನ್ನೇ ಬದಲಿಸಿದವು. ನಮ್ಮ ಪುಸ್ತಕಗಳಲ್ಲಿ ಅಧ್ಯಾಯವಿತ್ತು. ಇಲ್ಲಿ ಅಧ್ಯಾಯವಿಲ್ಲ, ಒಂದು ಕೆಲಸವಿದೆ. ಇಂಡಕ್ಷನ್ ಮೋಟಾರಿನ ತತ್ತ್ವ ಎಂಬುದು ಅಧ್ಯಾಯ. ಮೂರು ಫೇಸಿನ ಮೋಟಾರು ತಿರುಗುವ ದಿಕ್ಕನ್ನು ಬದಲಿಸುವುದು ಹೇಗೆ ಎಂಬುದು ಕೆಲಸ. ಎರಡನೆಯದನ್ನು ಹುಡುಕಿಕೊಂಡು ಬಂದವನು ಯಾವುದಾದರೂ ಎರಡು ಫೇಸುಗಳನ್ನು ಅದಲು ಬದಲು ಮಾಡಬೇಕೆಂಬುದನ್ನು ಒಂದೆರಡು ನಿಮಿಷದಲ್ಲಿ ತಿಳಿದು ಹೋಗುತ್ತಾನೆ. ಕಲಿಯುವವನಿಗೆ ಯಾವಾಗ ಬೇಕೋ ಆವಾಗ, ಎಷ್ಟು ಬೇಕೋ ಅಷ್ಟು ಸಿಗುವ ಈ ಅನುಕೂಲವನ್ನು ನಮ್ಮ ಯಾವ ಪಠ್ಯಕ್ರಮ ಸಮಿತಿಯೂ ಕೊಟ್ಟಿರಲಿಲ್ಲ, ಇದನ್ನು ಒಪ್ಪಲೇಬೇಕು.

ಕ್ಯಾಮೆರಾ ಎಲ್ಲಿಡಬೇಕು ಎಂಬ ವಿಷಯದಲ್ಲಿಯೂ ಈ ಹವ್ಯಾಸಿ ಬೋಧಕರು ನಮಗಿಂತ ಮುಂದಿದ್ದಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ದೊಡ್ಡ ಉದ್ಯೋಗ. ಮನೆಯಲ್ಲಿಯೇ ರವಿಕೆ ಹೊಲಿದುಕೊಡುವ ಹೆಣ್ಣುಮಕ್ಕಳ ಸಂಖ್ಯೆಯೂ ಸಣ್ಣದಲ್ಲ. ಅವರು ನೋಡುವ ರವಿಕೆ ಕಟಿಂಗ್ ವಿಡಿಯೊಗಳನ್ನು ಗಮನಿಸಿ ನೋಡಿ. ಫೋನು ಮೇಜಿನ ನೇರ ಮೇಲಿರುತ್ತದೆ. ಬಟ್ಟೆ, ಟೇಪು, ಸೀಮೆಸುಣ್ಣ, ಎರಡು ಕೈಗಳು, ಇಷ್ಟೇ ಕಾಣುತ್ತವೆ. ಹೇಳಿಕೊಡುವವಳ ಮುಖ ಕಾಣುವುದೇ ಇಲ್ಲ. ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗಕ್ಕೆ ಹೊಲಿಗೆ ಅಂಚು ಸೇರಿಸಿ ಗುರುತು ಹಾಕುವಾಗ ನೋಡುವವಳಿಗೆ ಅದು ತನ್ನದೇ ಕೈ ಎನ್ನುವಂತೆ ಕಾಣುತ್ತದೆ. ಯಾರೂ ಅವರಿಗೆ ಹೀಗೆ ಚಿತ್ರಿಸಬೇಕೆಂದು ತರಬೇತಿ ಕೊಟ್ಟಿಲ್ಲ, ಬಟ್ಟೆಯೇ ಕಲಿಸಿದೆ. ಜೋಡಣೆಯ ಕೆಲಸ ಕಲಿಸುವಾಗ ಎದುರಿನಿಂದ ತೆಗೆದ ವಿಡಿಯೊಗಿಂತ ಕೆಲಸಗಾರನ ಕಣ್ಣಿನ ನೆಲೆಯಿಂದ ತೆಗೆದ ವಿಡಿಯೊ ಹೆಚ್ಚು ಉಪಯುಕ್ತ ಎಂದು ಕಲಿಕೆಯ ಸಂಶೋಧಕರಾದ ಲೋಗನ್ ಫಿಯೊರೆಲ್ಲಾ, ರಿಚರ್ಡ್ ಮೇಯರ್ ಮತ್ತು ಸಂಗಡಿಗರು 2017ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದನ್ನು ನಮ್ಮ ಓಣಿಯ ಟೈಲರುಗಳು ತಮ್ಮಷ್ಟಕ್ಕೆ ತಾವೇ ಕಂಡುಕೊಂಡಿದ್ದಾರೆ. ಅದೇ ಸರ್ಕಾರಿ ದುಡ್ಡಿನಲ್ಲಿ ತಯಾರಾಗುವ ಅನೇಕ ವೃತ್ತಿಪಾಠಗಳಲ್ಲಿ ಇಂದಿಗೂ ಕೋಟು ಹಾಕಿದ ಉಪನ್ಯಾಸಕರು ಕರಿಹಲಗೆಯ ಮುಂದೆಯೋ ಸ್ಲೈಡಿನ ಪಕ್ಕದಲ್ಲೋ ನಿಂತು ಮಾತನಾಡುತ್ತಾರೆ. ಉಪಕರಣ ಪರದೆಯ ಮೂಲೆಯಲ್ಲಿ ಬೆರಳುದ್ದ ಕಾಣುತ್ತದೆ.

ಇನ್ನು ನನ್ನ ಆಕ್ಷೇಪಣೆಗೆ ಬರುತ್ತೇನೆ. ಅದಕ್ಕೆ ನನಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನೇ ತೆಗೆದುಕೊಳ್ಳುತ್ತೇನೆ.

ನಮ್ಮ ಭಾಗದ ಪ್ರತಿ ದೊಡ್ಡ ಊರಿನಲ್ಲಿಯೂ ಮೋಟಾರು ವೈಂಡಿಂಗ್ ಅಂಗಡಿಗಳಿವೆ, ಎಂದರೆ ಸುಟ್ಟ ಮೋಟಾರಿನ ತಂತಿ ತೆಗೆದು ಹೊಸದು ಸುತ್ತಿಕೊಡುವ ಅಂಗಡಿಗಳು. ಬೇಸಿಗೆಯಲ್ಲಿ ಬೋರಿನ ನೀರು ಕೆಳಗಿಳಿದು, ವೋಲ್ಟೇಜು ಸಾಲದೆ, ಒಂದು ಫೇಸು ಹೋದರೂ ಗೊತ್ತಾಗದೆ ಮೋಟಾರುಗಳು ಸಾಲುಸಾಲಾಗಿ ಸುಡುತ್ತವೆ. ಐಟಿಐ ಮುಗಿಸಿದ ಹುಡುಗರಿಗೆ ಊರಲ್ಲಿಯೇ ಅನ್ನ ಕೊಡುವ ಕೆಲಸವಿದು. ಯೂಟ್ಯೂಬಿನಲ್ಲಿ ರೀವೈಂಡಿಂಗ್ ವಿಡಿಯೊಗಳು ಬೇಕಾದಷ್ಟಿವೆ, ಕನ್ನಡದಲ್ಲಿಯೂ ಇವೆ. ಹೊಸ ತಾಮ್ರದ ತಂತಿ ಸುರುಳಿಯಾಗುವುದು, ಸುತ್ತಿದ ಕಾಯಿಲುಗಳು ಮೋಟಾರಿನ ಒಳಮೈಯ ಗಾಡಿಗಳಲ್ಲಿ, ಅಂದರೆ ಸ್ಲಾಟುಗಳಲ್ಲಿ, ಕೂರುವುದು, ಬಿದಿರಿನ ಬೆಣೆ ಬಡಿಯುವುದು ನೋಡಲು ಚೆಂದ. ಆದ್ದರಿಂದ ಅವೆಲ್ಲ ವಿಸ್ತಾರವಾಗಿರುತ್ತವೆ. ಆದರೆ ಈ ಕೆಲಸದ ಪ್ರಾಣವಿರುವುದು ಅದಕ್ಕೂ ಮೊದಲು, ಸುಟ್ಟ ವೈಂಡಿಂಗನ್ನು ಕತ್ತರಿಸುವ ಮುನ್ನ. ಸ್ಲಾಟುಗಳೆಷ್ಟು, ಒಂದು ಕಾಯಿಲು ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ, ಒಂದೊಂದರಲ್ಲಿ ಎಷ್ಟು ಸುತ್ತು, ತಂತಿಯ ಗೇಜು ಎಷ್ಟು, ಒಂಟಿ ತಂತಿಯೋ ಜೋಡಿಯೋ, ಗುಂಪುಗಳ ಜೋಡಣೆ ಹೇಗಿದೆ, ಮೂರು ಫೇಸುಗಳನ್ನು ಕೂಡಿಸಿದ ರೀತಿ ಸ್ಟಾರೋ ಡೆಲ್ಟಾವೋ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಸುಟ್ಟು ಕಪ್ಪಾದ ತಂತಿಯ ಎನಾಮೆಲ್ ತೆಗೆದು ಮೈಕ್ರೊಮೀಟರಿನಲ್ಲಿ ಅಳೆಯಬೇಕು. ಒಂದು ಕಾಯಿಲನ್ನು ಹಾಗೆಯೇ ಮಾದರಿಗೆ ಇಟ್ಟುಕೊಳ್ಳಬೇಕು. ಇದು ಬೇಸರದ ಕೆಲಸ, ಕೈ ಮಸಿಯಾಗುತ್ತದೆ, ಕ್ಯಾಮೆರಾಕ್ಕೆ ತೋರಿಸುವಂಥದು ಏನೂ ಇರುವುದಿಲ್ಲ. ಆದ್ದರಿಂದ ಹೆಚ್ಚಿನ ವಿಡಿಯೊಗಳಲ್ಲಿ ಇದು ಕತ್ತರಿಗೆ ಬೀಳುತ್ತದೆ, ಇಲ್ಲವೇ ಸಂಗೀತದ ಜೊತೆ ಸರ್ರನೆ ಓಡಿಹೋಗುತ್ತದೆ.

ಕೊನೆಯ ಹಂತಕ್ಕೂ ಇದೇ ಗತಿ. ವೈಂಡಿಂಗ್ ಮುಗಿದ ಮೇಲೆ ಮೂರೂ ಫೇಸುಗಳ ರೋಧ ಸಮನಾಗಿದೆಯೇ ನೋಡಬೇಕು, ನಿರೋಧ ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿ ವೈಂಡಿಂಗಿಗೂ ಬಾಡಿಗೂ ನಡುವೆ ಕರೆಂಟು ಸೋರದಂತೆ ತಡೆಯುವ ಆ ನಿರೋಧ ಕನಿಷ್ಠ 1 ಮೆಗಾಓಮ್ ಇದೆಯೇ ನೋಡಬೇಕು, ಹೊರೆಯಿಲ್ಲದೆ ಓಡಿಸಿ, ತಂತಿಯನ್ನು ಸುತ್ತುವರಿದು ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರಿನಲ್ಲಿ ಮೂರೂ ಲೈನಿನ ಕರೆಂಟು ಸರಿಸಮ ಇದೆಯೇ ನೋಡಬೇಕು. ವಿಡಿಯೊದಲ್ಲಿ ಮೋಟಾರು ತಿರುಗಿತು, ಸಂತೋಷದ ಸಂಗೀತ ಬಂತು, ಮುಗಿಯಿತು. ತಿರುಗಿದ್ದು ನಿಜ; ಬಾವಿಗೆ ಇಳಿಸಿದ ಮೇಲೆ ಎಷ್ಟು ದಿನ ತಿರುಗುತ್ತದೆ ಎಂಬುದು ಆ ಮೂರು ಅಳತೆಗಳಿಗೆ ಬಿಟ್ಟ ವಿಚಾರ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಮೇಲೆ ಕೂರುವ ಮೊನೊಬ್ಲಾಕ್ ಮೋಟಾರಿಗೆ ಎನಾಮೆಲ್ ತಂತಿ ಸುತ್ತಿ ವಾರ್ನಿಶ್ ಹಾಕಿ ಒಣಗಿಸುತ್ತಾರೆ. ಒಳಗೆ ನೀರು ತುಂಬುವ ಸಬ್‌ಮರ್ಸಿಬಲ್ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ಬೇರೆಯೇ ತಂತಿ, ಅದನ್ನು ಸ್ಲಾಟಿನೊಳಗೆ ಒಂದೊಂದಾಗಿ ಎಳೆಯಬೇಕು, ವಾರ್ನಿಶಿನ ಮಾತೇ ಇಲ್ಲ. ಒಂದನ್ನು ನೋಡಿದವನು ಇನ್ನೊಂದಕ್ಕೂ ಅದನ್ನೇ ಮಾಡಿದರೆ ವಿಡಿಯೊದಲ್ಲಿ ತಪ್ಪು ಹುಡುಕಲಾಗದು. ಎಲ್ಲಿ ಈ ವಿಧಾನ ನಡೆಯದು ಎಂದು ಅದು ಹೇಳಲಿಲ್ಲ, ಅಷ್ಟೆ.

ಇದರಲ್ಲಿ ವಿಡಿಯೊ ಮಾಡುವವರ ದುರುದ್ದೇಶವೇನೂ ಇಲ್ಲ. ಅವರ ಪಾಠದ ಉದ್ದವನ್ನೂ ಕ್ರಮವನ್ನೂ ನಿರ್ಧರಿಸುತ್ತಿರುವುದು ಕಲಿಯುವವನ ಅಗತ್ಯವಲ್ಲ, ವೇದಿಕೆಯ ಲೆಕ್ಕಾಚಾರ. 2012ರಲ್ಲಿ ಯೂಟ್ಯೂಬ್ ಶಿಫಾರಸಿನ ಮಾನದಂಡವನ್ನು ನೋಡಿದವರ ಸಂಖ್ಯೆಯಿಂದ ನೋಡಿದ ಹೊತ್ತಿಗೆ ಬದಲಿಸಿತು. 2018ರಿಂದ ಜಾಹೀರಾತಿನ ಪಾಲು ಬೇಕೆಂದರೆ 1000 ಚಂದಾದಾರರೂ ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆಯೂ ಇರಬೇಕೆಂಬ ಕಟ್ಟಳೆ ಬಂತು. ನಡುವೆ ಜಾಹೀರಾತು ತೂರಿಸಲು ವಿಡಿಯೊ 10 ನಿಮಿಷ ಇರಬೇಕಾಗಿದ್ದದ್ದು 2020ರಲ್ಲಿ 8 ನಿಮಿಷಕ್ಕಿಳಿಯಿತು. ಎರಡು ನಿಮಿಷದಲ್ಲಿ ಹೇಳಬಹುದಾದ ಕೆಲಸಕ್ಕೆ ನಮಸ್ಕಾರ, ಪೀಠಿಕೆ, ಬೆಲ್ ಐಕಾನು, ‘ಕೊನೆಯವರೆಗೂ ನೋಡಿ’ ಎಂಬ ಕೋರಿಕೆ ಎಲ್ಲ ಸೇರಿ ಎಂಟು ನಿಮಿಷ ದಾಟುವುದಕ್ಕೆ ಕಾರಣ ಇಲ್ಲಿದೆ. ದೊಡ್ಡ ಪ್ರಮಾಣದ ಆನ್‌ಲೈನ್ ತರಗತಿಗಳ ಲಕ್ಷಗಟ್ಟಲೆ ವೀಕ್ಷಣೆಗಳನ್ನು ಪರಿಶೀಲಿಸಿ ಸಂಶೋಧಕ ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ, ಆರು ನಿಮಿಷದೊಳಗಿನ ವಿಡಿಯೊಗಳನ್ನೇ ವಿದ್ಯಾರ್ಥಿಗಳು ಹೆಚ್ಚು ಗಮನವಿಟ್ಟು ನೋಡುತ್ತಾರೆ ಎಂದಿತ್ತು. ಬೋಧನೆಯ ತಿಳಿವಳಿಕೆ ಒಂದು ಕಡೆ ಎಳೆದರೆ ಜಾಹೀರಾತಿನ ನಿಯಮ ಇನ್ನೊಂದು ಕಡೆ ಎಳೆಯುತ್ತದೆ, ಎರಡನೆಯದಕ್ಕೆ ಬಲ ಹೆಚ್ಚು. 2021ರ ನವೆಂಬರಿನಲ್ಲಿ ಇಷ್ಟವಾಗಲಿಲ್ಲ ಎಂದವರ ಸಂಖ್ಯೆಯನ್ನೂ ಯೂಟ್ಯೂಬ್ ಮರೆಮಾಡಿತು. ಹಾಡಿಗೋ ಹಾಸ್ಯಕ್ಕೋ ಅದರಿಂದ ನಷ್ಟವಿಲ್ಲದಿರಬಹುದು. ಕೆಲಸ ಕಲಿಯಲು ಬಂದವನಿಗೆ ಈ ವಿಧಾನ ಸರಿಯಿಲ್ಲ ಎಂದು ಒಂದೇ ನೋಟದಲ್ಲಿ ಎಚ್ಚರಿಸುತ್ತಿದ್ದ ಗುರುತು ಹೋಯಿತು.

ನೋಡಿದ್ದರಿಂದಲೇ ಬಂತು ಎಂಬ ಭ್ರಮೆ ಇವೆಲ್ಲಕ್ಕಿಂತ ದೊಡ್ಡ ತೊಡಕು. ಷಿಕಾಗೊ ವಿಶ್ವವಿದ್ಯಾಲಯದ ಮೈಕೆಲ್ ಕಾರ್ಡಸ್ ಮತ್ತು ಎಡ್ ಒಬ್ರಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಊಟದ ಮೇಜಿನ ಮೇಲಿನ ಪಾತ್ರೆಗಳು ಅಲುಗದಂತೆ ಬಟ್ಟೆಯನ್ನು ಎಳೆದುಬಿಡುವ ಚಮತ್ಕಾರದ ವಿಡಿಯೊವನ್ನು ಕೆಲವರಿಗೆ ಒಮ್ಮೆ, ಕೆಲವರಿಗೆ ಇಪ್ಪತ್ತು ಸಲ ತೋರಿಸಲಾಯಿತು. ಹೆಚ್ಚು ಸಲ ನೋಡಿದವರಿಗೆ ತಾವೂ ಮಾಡಬಲ್ಲೆವೆಂಬ ಭರವಸೆ ಹೆಚ್ಚಿತು. ಚಿಕ್ಕ ಬಾಣಗಳನ್ನು ಗುರಿಗೆ ಎಸೆಯುವ ಡಾರ್ಟ್ಸ್ ಆಟದಂಥ ಕೆಲಸಗಳನ್ನು ನಿಜವಾಗಿ ಮಾಡಿಸಿ ನೋಡಿದಾಗ ಭರವಸೆ ಹೆಚ್ಚಿದವರ ಕೈ ಸುಧಾರಿಸಿರಲಿಲ್ಲ. ‘ನೀರಿಗಿಳಿಯದೆ ಈಜು ಬಾರದು’ ಎಂಬುದು ನಮ್ಮ ಹೊಳೆದಂಡೆಯ ಜನರಿಗೆ ಗೊತ್ತಿರುವ ಮಾತೇ. ಆದರೆ ‘ವಿಡಿಯೊ ಮೂರು ಸಲ ನೋಡಿದ್ದೇನೆ ಸಾರ್’ ಎಂದು ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವ ಹುಡುಗನಿಗೆ ಮೊದಲು ಫ್ಯೂಸು ತೆಗೆಯುವುದನ್ನು, ಟೆಸ್ಟ್ ಲ್ಯಾಂಪ್ ಹಚ್ಚಿ ಕರೆಂಟು ಇಲ್ಲವೆಂದು ಖಚಿತಪಡಿಸಿಕೊಳ್ಳುವುದನ್ನು ಯಾರು ನಿಂತು ಮಾಡಿಸುತ್ತಾರೆ? ವಿಡಿಯೊದಲ್ಲಿ ಅದು ಮೊದಲ ಹತ್ತು ಸೆಕೆಂಡಿನಲ್ಲಿ ಬರುತ್ತದೆ, ಆ ಹತ್ತು ಸೆಕೆಂಡನ್ನು ದಾಟಿಸಿಕೊಂಡೇ ಎಲ್ಲರೂ ಮುಂದೆ ಹೋಗುತ್ತಾರೆ.

ಬೋಧನಾ ವಿನ್ಯಾಸವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಒಬ್ಬರಾದ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಗಾನ್ಯೆ ಒಂದು ಪಾಠದಲ್ಲಿ ಒಂಬತ್ತು ಘಟ್ಟಗಳನ್ನು ಗುರುತಿಸಿದ್ದರು. ಗಮನ ಸೆಳೆಯುವುದು, ಗುರಿ ಹೇಳುವುದು, ಹಿಂದಿನದನ್ನು ನೆನಪಿಸುವುದು, ವಿಷಯ ಮಂಡಿಸುವುದು, ದಾರಿ ತೋರುವುದು ಇವು ಮೊದಲ ಐದು. ಕಲಿಯುವವನ ಕೈಯಿಂದ ಮಾಡಿಸುವುದು, ತಪ್ಪು ಒಪ್ಪು ಹೇಳುವುದು, ಪರೀಕ್ಷಿಸುವುದು, ಬೇರೆ ಸಂದರ್ಭಕ್ಕೂ ಒದಗುವಂತೆ ಗಟ್ಟಿಮಾಡುವುದು ಉಳಿದ ನಾಲ್ಕು. ಒಳ್ಳೆಯ ವಿಡಿಯೊ ಐದನೆಯ ಘಟ್ಟದವರೆಗೆ ಬಹಳ ಚೆನ್ನಾಗಿ ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಮ್ಮ ಸಂಸ್ಥೆಗಳು ಉಳಿದ ನಾಲ್ಕನ್ನು ತಾವು ವಹಿಸಿಕೊಳ್ಳುವ ಬದಲು ಅವೂ ವಿಡಿಯೊದೊಳಗೆ ಆಗಿಬಿಟ್ಟವು ಎಂದು ನಂಬಿ ಕೂತಿವೆ. 1986ರಲ್ಲಿ ಚೆನ್ನೈನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಐಟಿಐಗಳಿಗಾಗಿ ಪ್ರಕಟಿಸುವ ಪ್ರಾಯೋಗಿಕ ಪುಸ್ತಕಗಳನ್ನು ತೆರೆದರೆ, ಪ್ರತಿ ಅಭ್ಯಾಸದಲ್ಲಿಯೂ ಮೊದಲು ಉದ್ದೇಶ, ಆಮೇಲೆ ಬೇಕಾದ ಉಪಕರಣ ಮತ್ತು ಸಾಮಗ್ರಿಗಳ ಪಟ್ಟಿ, ನಂತರ ಹಂತಗಳು, ಅಳೆದದ್ದನ್ನು ತುಂಬಲು ಖಾಲಿ ಕೋಷ್ಟಕ ಕಾಣುತ್ತವೆ. ನೋಡಲು ಒಣ ಪುಸ್ತಕ, ನಿಜ. ಆದರೆ ಆ ಖಾಲಿ ಕೋಷ್ಟಕದಲ್ಲಿ ವಿದ್ಯಾರ್ಥಿ ತಾನೇ ಅಳೆದು ಅಂಕಿ ಬರೆಯದಿದ್ದರೆ ಬೋಧಕ ಸಹಿ ಹಾಕುವಂತಿರಲಿಲ್ಲ. ಈಗ ಪುಸ್ತಕ ಬೀರುವಿನಲ್ಲಿದೆ, ಲಿಂಕು ಫೋನಿನಲ್ಲಿದೆ, ಕೋಷ್ಟಕವನ್ನು ಪರೀಕ್ಷೆಯ ಹಿಂದಿನ ವಾರ ಒಬ್ಬರದನ್ನು ನೋಡಿ ಒಬ್ಬರು ತುಂಬುತ್ತಾರೆ.

ಪರದೆಯ ಮೇಲೆ ಪಾಠ ತೋರಿಸುವುದು ನಮ್ಮ ಜಿಲ್ಲೆಗಳಿಗೆ ಹೊಸದೂ ಅಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆದ ಸೈಟ್ ಎಂಬ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿಕೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೊಪ್ಪಳ ಆಗ ಅದರಲ್ಲಿಯೇ ಇತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮಗಳು ಬರುತ್ತಿದ್ದವು. ಅದಕ್ಕಿಂತ ಹಿಂದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶಿಕ್ಷಣ ಕಚೇರಿ ಕಾರ್ಖಾನೆಯ ಕೆಲಸಗಾರರನ್ನು ತಯಾರು ಮಾಡಲು 457 ತರಬೇತಿ ಚಿತ್ರಗಳನ್ನು ಮಾಡಿಸಿತು. ಅದರ ಜೊತೆಗೆ ಬೋಧಕರ ಕೈಪಿಡಿಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಅಚ್ಚು ಹಾಕಿಸಿತು. ಚಿತ್ರ ಓಡುವ ಮುಂಚೆ ಏನು ಹೇಳಬೇಕು, ಆಮೇಲೆ ಏನು ಮಾಡಿಸಬೇಕು ಎಂಬುದಕ್ಕೆ ಆ ಕೈಪಿಡಿ. ಎಂಬತ್ತು ವರ್ಷಗಳ ಹಿಂದೆ ಅವರಿಗೆ ಹೊಳೆದದ್ದು ಇಂದು ನಮಗೆ ಹೊಳೆಯದಿರುವುದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಲ್ಲ.

ನಮ್ಮಲ್ಲಿಯೇ ಸರಿಯಾಗಿ ಮಾಡಿದ ಮಾದರಿಗಳಿವೆ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ತಂತ್ರಾಂಶ ಕಲಿಸುವ ಪಾಠಗಳು ಸುಮಾರು ಹತ್ತು ನಿಮಿಷದವು, ಕನ್ನಡದ ಧ್ವನಿಯೂ ಅನೇಕಕ್ಕೆ ಇದೆ. ಮೊದಲು ಸಂಭಾಷಣೆಯನ್ನು ಬರೆದು, ವಿಷಯ ಗೊತ್ತಿಲ್ಲದ ಹೊಸಬನೊಬ್ಬ ಅದನ್ನು ಅನುಸರಿಸಿ ಮಾಡಬಲ್ಲನೇ ಎಂದು ಪರೀಕ್ಷಿಸಿ, ಆಮೇಲೆ ಧ್ವನಿಮುದ್ರಣ ಮಾಡುತ್ತಾರೆ. ವಿದ್ಯಾರ್ಥಿ ಪರದೆಯ ಒಂದು ಬದಿಯಲ್ಲಿ ವಿಡಿಯೊ, ಇನ್ನೊಂದು ಬದಿಯಲ್ಲಿ ತಂತ್ರಾಂಶ ತೆರೆದು, ನಿಲ್ಲಿಸಿ ನಿಲ್ಲಿಸಿ ತಾನೂ ಮಾಡುತ್ತಾ ಹೋಗಬೇಕು. ಬೇಸಾಯದ ವಿಷಯದಲ್ಲಿ 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿಯವರ ಮುಂದಾಳತ್ವದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಕರ್ನಾಟಕದ ಹಳ್ಳಿಗಳಲ್ಲಿಯೇ ಮೊದಲ ಪ್ರಯೋಗ ನಡೆಸಿತು. ಅಲ್ಲಿ ಆಯಾ ಭಾಗದ ರೈತರೇ ವಿಡಿಯೊದಲ್ಲಿ ಕೆಲಸ ಮಾಡಿ ತೋರಿಸುತ್ತಿದ್ದರು, ಊರಿನವರೇ ಒಬ್ಬರು ಗುಂಪಿಗೆ ಅದನ್ನು ತೋರಿಸಿ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ, ಯಾರು ಹೊಲದಲ್ಲಿ ಅದನ್ನು ಮಾಡಿದರು ಎಂದು ಬರೆದಿಡುತ್ತಿದ್ದರು. ಯಾರೂ ನಿಲ್ಲಿಸಿ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮೆಣಸಿನಕಾಯಿ ಹೊಲಗಳಲ್ಲಿ ನೋಡಬಹುದು: ಬೇರೆ ರಾಜ್ಯದ ವಿಡಿಯೊದಲ್ಲಿ ‘ಒಂದು ಮುಚ್ಚಳ’ ಎಂದದ್ದನ್ನು ಕೇಳಿ, ಅದು ಎಷ್ಟು ಲೀಟರಿನ ಟ್ಯಾಂಕಿಗೆ, ಯಾವ ಕಂಪನಿಯ ಬಾಟಲಿಯ ಮುಚ್ಚಳ ಎಂದು ವಿಚಾರಿಸದೆ ಸಿಂಪಡಿಸುವವರಿದ್ದಾರೆ.

ಆದ್ದರಿಂದ ನಮ್ಮ ಮೂರು ಜಿಲ್ಲೆಗಳ ಐಟಿಐ ಪ್ರಾಂಶುಪಾಲರಿಗೂ, ಕೃಷಿ ವಿಜ್ಞಾನ ಕೇಂದ್ರಗಳವರಿಗೂ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರಿಗೂ ನಿಮ್ಮ ಪತ್ರಿಕೆಯ ಮೂಲಕ ನನ್ನ ವಿನಂತಿ ಇಷ್ಟು. ವಿಡಿಯೊ ತೋರಿಸಬೇಡಿ ಎನ್ನುವುದಿಲ್ಲ, ತೋರಿಸಿ. ಆದರೆ ಲಿಂಕು ಕಳಿಸುವ ಬೋಧಕರು ಮೊದಲು ತಾವು ಪೂರ್ತಿ ನೋಡಿ, ಅದರಲ್ಲಿ ಬಿಟ್ಟುಹೋದದ್ದು ಯಾವುದು, ಯಾವ ಮೋಟಾರಿಗೆ, ಯಾವ ಮಣ್ಣಿಗೆ, ಯಾವ ಬಟ್ಟೆಗೆ ಅದು ಅನ್ವಯಿಸದು ಎಂಬುದನ್ನು ಅರ್ಧ ಹಾಳೆಯಲ್ಲಿ ಬರೆದು ಲಿಂಕಿನ ಜೊತೆಯಲ್ಲಿಯೇ ಕಳಿಸಲಿ. ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿದಾಗ ವಿದ್ಯಾರ್ಥಿ ಏನು ಅಳೆದು ತೋರಿಸಬೇಕು ಎಂಬುದೂ ಅದರಲ್ಲಿರಲಿ. ಹೊಸದಾಗಿ ಪಾಠ ಚಿತ್ರಿಸುವುದಾದರೆ ಸ್ಟುಡಿಯೊ ಬಾಡಿಗೆಗೆ ದುಡ್ಡು ಸುರಿಯಬೇಕಾಗಿಲ್ಲ. ಕೊಪ್ಪಳದಲ್ಲೋ ಸಿಂಧನೂರಿನಲ್ಲೋ ಇರುವ ಯಾವುದಾದರೂ ವೈಂಡಿಂಗ್ ಅಂಗಡಿಯ ಮೇಸ್ತ್ರಿಗೆ ಗೌರವಧನ ಕೊಟ್ಟು, ಅವರ ಭುಜದ ಮೇಲಿಂದ ಫೋನು ಹಿಡಿದು, ಹಳೆಯ ಕಾಯಿಲಿನ ಲೆಕ್ಕ ಬರೆದುಕೊಳ್ಳುವುದನ್ನು ಒಂದು ವಿಡಿಯೊ, ಸ್ಲಾಟಿಗೆ ಕಾಗದ ಹಾಕುವುದನ್ನು ಒಂದು, ಮೆಗ್ಗರ್ ಹಚ್ಚುವುದನ್ನು ಒಂದು ಎಂದು ಬಿಡಿಬಿಡಿಯಾಗಿ ಮಾಡಿದರೆ ಸಾಕು. ಎಂಟು ನಿಮಿಷ ಆಗಲೇಬೇಕೆಂಬ ಹಂಗು ಸರ್ಕಾರಿ ಸಂಸ್ಥೆಗಿಲ್ಲ. ಮೂರು ನಿಮಿಷದಲ್ಲಿ ಮುಗಿದರೆ ಮೂರು ನಿಮಿಷಕ್ಕೇ ಬಿಡಲಿ. ತಪ್ಪು ಮಾಡಿದರೆ ಹೇಗೆ ಕಾಣುತ್ತದೆ ಎಂಬುದನ್ನೂ ಬೇಕೆಂದೇ ಮಾಡಿ ತೋರಿಸಲಿ, ಯೂಟ್ಯೂಬಿನವರು ತೋರಿಸಲು ಹಿಂಜರಿಯುವ ಭಾಗ ಅದೇ. ಬೋಧಕರ ಖಾಲಿ ಹುದ್ದೆಗಳನ್ನು ತುಂಬುವವರೆಗೆ ವಿಡಿಯೊ ಇದೆಯಲ್ಲ ಎಂಬ ಸಮಾಧಾನವನ್ನು ಇಲಾಖೆಯವರು ಕೈಬಿಡಬೇಕು, ಏಕೆಂದರೆ ಆ ಅರ್ಧ ಹಾಳೆಯನ್ನು ಬರೆಯಲೂ ಆ ಕೋಷ್ಟಕಕ್ಕೆ ಸಹಿ ಹಾಕಲೂ ಒಬ್ಬ ಬೋಧಕ ಇರಲೇಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಎಲೆಕ್ಟ್ರಿಷಿಯನ್ ವಿಭಾಗ,
ಕೊಪ್ಪಳ